ಕಡುಬಿನ ದೊಡ್ಡಮ್ಮ

ಯಾವ ಬಂಧುಬಳಗ ನೋಡಿದರೂ ಅಲ್ಲೊಬ್ಬರು ಕಡುಬಿನ ದೊಡ್ಡಮ್ಮ ಇದ್ದೇ ಇರುತ್ತಾರೆ. ಗಣೇಶನ ಹಬ್ಬಕ್ಕೆ ಎರಡು ದಿನ ಮುಂಚೆ ಬಂದಿಳಿದು, ಚಪ್ಪಲಿ ಬಿಡುತ್ತಲೇ ಕೇಳುತ್ತಾರೆ: “ಕೊಬ್ಬರಿ ತಿಪಟೂರಿಂದೇ ತಾನೆ? ಮುಗ್ಗಲು ಹಿಡಿದಿಲ್ಲವಷ್ಟೆ?”

ಕೊಬ್ಬರಿ, ಸಕ್ಕರೆ, ಹುರಿಗಡಲೆ ಪುಡಿ, ಗಸಗಸೆ, ಏಲಕ್ಕಿ ಬೆರೆಸುವ ಕೆಲಸ ಬೇರೆಯವರಿಗೆ ಬಿಟ್ಟಾರು. ಅಂಚು ಮಡಿಚುವುದನ್ನು ಮಾತ್ರ ಬಿಡರು. ಕೂದಲೆಳೆಯಷ್ಟು ಬಾಯಿ ಬಿಟ್ಟರೂ ಹೂರಣ ಎಣ್ಣೆಗಿಳಿದು, ಸಕ್ಕರೆ ಕರಕಲಾಗಿ, ಬಾಣಲೆಯೇ ಹಾಳು. ಸೊಸೆ ಪ್ಲಾಸ್ಟಿಕ್ ಅಚ್ಚಿನಲ್ಲಿ ಒತ್ತಿದ ಕಡುಬಿನಲ್ಲಿ ಒಂದೂ ಬಿಚ್ಚಿಕೊಳ್ಳುವುದಿಲ್ಲ. ದೊಡ್ಡಮ್ಮನಿಗೆ ಅದೇ ದೊಡ್ಡ ಬೇಜಾರು.

ಗಣಪನ ಪಾಲಿನ 21 ಮಾತ್ರ ಅಕ್ಕಿಹಿಟ್ಟಿನವು, ಕಾಯಿ-ಬೆಲ್ಲ ತುಂಬಿ ಹಬೆಯಲ್ಲಿ ಬೇಯಿಸಿದವು. ಹಸಿಕಾಯಿ ಹಳಸುತ್ತದೆ, ಅವತ್ತೇ ಮುಗಿಯಬೇಕು. ಉಳಿದದ್ದನ್ನು ಯಾರೋ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಕಲ್ಲು. “ಗಣಪನಿಗೆ ಒಂದು ದಂತ ಆಗಲೇ ಮುರಿದಿದೆ, ಇನ್ನೊಂದೂ ಹೋಗಲಿ ಅಂತಲಾ?” ಎಂದು ರೇಗಿ, ಅವರೇ ಅದನ್ನು ಇಡ್ಲಿ ಪಾತ್ರೆಯಲ್ಲಿ ಮತ್ತೆ ಹಬೆಗಿಟ್ಟು, ಮೆತ್ತಗಾದ ಮೇಲೆ ತುಪ್ಪ ಹಾಕಿ ಬಡಿಸುತ್ತಾರೆ. ಹೊಗಳಿಕೆಯೂ ಅವರಿಗೇ.

ಅವರ ನಿಜವಾದ ಪ್ರತಿಭೆ ಕಾಣುವುದು ಕರಿಗಡುಬಿಗೆ ಜಾಗ ಹುಡುಕುವಾಗ. ಕರಿದದ್ದನ್ನು ಕಾಗದದ ಮೇಲೆ ಹರಡಿ, ಪೂರ್ತಿ ಆರುವ ತನಕ ಪಕ್ಕದಲ್ಲೇ ಕಾವಲು ಕೂರುತ್ತಾರೆ. ಬಿಸಿಯಲ್ಲೇ ಮುಚ್ಚಿಟ್ಟರೆ ಡಬ್ಬಿಯೊಳಗೆ ಬೆವರಿ ಮೆತ್ತಗಾಗುತ್ತದೆ ಎಂಬುದು ನಿಜವೇ. ಆದರೆ ಕಾವಲು ಇರುವುದು ಹಬೆಗಿಂತ ಮಕ್ಕಳ ಮೇಲೆ. ಆಮೇಲೆ ಎಣಿಕೆ, ವಿಂಗಡಣೆ. ಮುರಿದವು ನೆರೆಮನೆಗೆ, ಸೊಟ್ಟಗಿನವು ಮನೆಯವರಿಗೆ, ಸುಂದರವಾದವು ಸ್ಟೀಲ್ ಡಬ್ಬಿಗೆ. ಡಬ್ಬಿ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಹಿಂದೆ.

ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ. ಡಬ್ಬಿಯ ಜಾಗ ಅವರಿಗೆ ಗೊತ್ತಿಲ್ಲವೆಂದೇ ದೊಡ್ಡಮ್ಮನ ನಂಬಿಕೆ. ನಡುರಾತ್ರಿ ಬೀರುವಿನ ಕಡೆಯಿಂದ ಕರುಂ ಕುರುಂ ಕೇಳಿಸಿದರೆ ಇಲಿಯೆಂದು ಎದ್ದು ಕೂರುತ್ತಾರೆ. ಟಾರ್ಚ್ ಹಿಡಿದು ಇಲಿ ಹುಡುಕಿಕೊಡುವವರು ದೊಡ್ಡಪ್ಪನೇ. ಇಲಿ ಈವರೆಗೆ ಸಿಕ್ಕಿಲ್ಲ.

ಇಂಥ ಮನೆಗೆ ಹಬ್ಬಕ್ಕೆ ಹೋದವರು ಸಂಕೋಚ ಬಿಟ್ಟು, ಕಾಗದದ ಮೇಲೆ ಆರುತ್ತಿರುವಾಗಲೇ ಕೈಹಾಕಿ. ಮುಚ್ಚಳ ಬಿತ್ತೆಂದರೆ ಆ ಕಡುಬು ನ್ಯೂಜೆರ್ಸಿಯಲ್ಲಿರುವ ಮಗನದು.