ಕಟ್ಟಿಗೆ ಕತ್ತಿಯ ಪರವಾಗಿ ಒಂದು ವಕಾಲತ್ತು

ಕತ್ತಿವರಸೆ ಕಲಿಯಬೇಕೆಂದು ಹೊರಟವನು ಮೊದಲು ಉಕ್ಕಿನ ಕತ್ತಿ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಾನೆ. ಅವನು ವಿಚಾರಿಸಬೇಕಾದದ್ದು ಬಡಿಗೇರನ ಮನೆಯನ್ನು ಎಂಬುದು ನನ್ನ ವಾದ. ಉಕ್ಕಿನ ಕತ್ತಿ ಗೋಡೆಗೆ ಒಪ್ಪುತ್ತದೆ, ಕುದುರೆ ಏರಿದ ಮದುಮಗನಿಗೆ ಒಪ್ಪುತ್ತದೆ, ಹುಟ್ಟುಹಬ್ಬದ ಕೇಕು ಅದರಿಂದಲೇ ಕೊಯ್ದು ಮರುದಿನ ಠಾಣೆಯ ಬೆಂಚಿನ ಮೇಲೆ ಕೂರುವ ಮರಿಪುಢಾರಿಗಂತೂ ಬಹಳ ಒಪ್ಪುತ್ತದೆ. ಕಲಿಯುವವನಿಗೆ ಮಾತ್ರ ಆಗಿಬರುವುದಿಲ್ಲ. ಈ ವಿದ್ಯೆಗೆ ಇಬ್ಬರು ಬೇಕು. ಹರಿತವಾದ ಅಲಗಿನಿಂದ ಪಾಠ ಚೆನ್ನಾಗಿ ನಡೆದ ದಿನ ಒಬ್ಬನೇ ಉಳಿಯುತ್ತಾನೆ. ಮರುದಿನದ ಪಾಠಕ್ಕೆ ಅವನಿಗೆ ಜೋಡಿಯಿಲ್ಲ.

ಜರ್ಮನರಿಗೆ ಇದು ಎಂದೋ ಹೊಳೆದಿತ್ತು. ಸ್ಟ್ರಾಸ್‌ಬರ್ಗ್‌ನ ಯೋಆಖಿಮ್ ಮೇಯರ್ 1570ರಲ್ಲಿ ಅಚ್ಚು ಹಾಕಿಸಿದ ಕತ್ತಿವರಸೆಯ ದಪ್ಪ ಪುಸ್ತಕದಲ್ಲಿ ‘ಡುಸಾಕ್’ ಎಂಬ ಆಯುಧಕ್ಕೆ ದೊಡ್ಡದೊಂದು ಭಾಗವೇ ಮೀಸಲು. ಡುಸಾಕ್ ಅಂದರೆ ಬಾಗಿದ ಗಿಡ್ಡ ಕಟ್ಟಿಗೆ ಕತ್ತಿ; ಬೇರೆ ಹಿಡಿಕೆಯಿಲ್ಲ, ಬೆರಳು ತೂರಿಸಲು ಕಟ್ಟಿಗೆಯಲ್ಲೇ ಕೊರೆದ ಕಂಡಿ. ಒಂದೇ ಕೈಯಲ್ಲಿ ಹಿಡಿಯುವ ಎಲ್ಲ ಆಯುಧಗಳ ವಿದ್ಯೆಗೂ ಇದೇ ಬುನಾದಿ ಎಂಬುದು ಮೇಯರನ ಅಭಿಪ್ರಾಯ. ಪುಸ್ತಕ ಅಚ್ಚು ಹಾಕಿಸಿ ಸಾಲಗಾರನಾದ ಆತ ಮರುವರ್ಷವೇ ತೀರಿಕೊಂಡ. ಈ ಸಾಲದ ವಿಷಯದಲ್ಲಿ ಕನ್ನಡ ಲೇಖಕರಿಗೆ ಆತ ಪರಕೀಯನೇನಲ್ಲ. ಅವನಿಗಿಂತ ಹಿಂದೆ, 14ನೇ ಶತಮಾನದಲ್ಲಿದ್ದ ಯೊಹಾನೆಸ್ ಲೀಷ್ಟೆನಾವರ್ ಎಂಬ ಗುರು ತನ್ನ ವಿದ್ಯೆಯನ್ನು ಹೊರಗಿನವರಿಗೆ ತಿಳಿಯದಂತೆ ಒಗಟಿನ ಪದ್ಯಗಳಲ್ಲಿ ಹೊಸೆದಿಟ್ಟಿದ್ದ. ಇಂದು ದೇಶದೇಶಗಳಲ್ಲಿ ಜನ ಆ ಪದ್ಯಗಳ ಗಂಟು ಬಿಡಿಸುತ್ತಿದ್ದಾರೆ. ಒಂದು ಪದ್ಯಕ್ಕೆ ಎರಡು ಅರ್ಥ ಹೊರಟಾಗ ಕಟ್ಟಿಗೆ ಕತ್ತಿ ತೆಗೆದುಕೊಂಡು ಅಂಗಳಕ್ಕಿಳಿಯುತ್ತಾರೆ. ಯಾರ ಗಂಟಲು ದೊಡ್ಡದೋ ಅವರ ಅರ್ಥ ನಿಲ್ಲುವ ಪದ್ಧತಿಗಿಂತ, ಯಾರ ಮೊಣಕೈ ಬಾತುಕೊಂಡಿತೋ ಅವರ ಅರ್ಥ ಬೀಳುವ ಈ ಪದ್ಧತಿ ವಿದ್ವತ್ತಿಗೆ ಮೇಲು. ನಮ್ಮ ವಿಚಾರಸಂಕಿರಣಗಳು ಇದನ್ನು ಪರಿಶೀಲಿಸಬಹುದು.

ರಾಯಚೂರಿನವರು ಕಟ್ಟಿಗೆಯ ಈ ಹೊಗಳಿಕೆಗೆ ಸುಮ್ಮನೆ ತಲೆಯಾಡಿಸುವುದಿಲ್ಲ. 1520ರ ಮೇ ತಿಂಗಳ ಬಿಸಿಲಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿ, ಆಮೇಲೆ ಕೋಟೆಯನ್ನೂ ಗೆದ್ದ ನೆಲ ಇದು, ನಮಗೇಕೆ ಕಟ್ಟಿಗೆ ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಆದರೆ ಸಾಕ್ಷಿ ನನ್ನ ಕಡೆಗಿದೆ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿಟ್ಟ ಪ್ರಕಾರ ರಾಯ ನಸುಕಿನಲ್ಲೆದ್ದು ಎಳ್ಳೆಣ್ಣೆ ಕುಡಿದು, ಅದನ್ನೇ ಮೈಗೆ ಹಚ್ಚಿಸಿಕೊಂಡು, ಮಣ್ಣಿನ ಭಾರಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸುತ್ತಿದ್ದ. ಆಮೇಲೆ ತನ್ನ ಜಟ್ಟಿಗಳಲ್ಲೊಬ್ಬನೊಡನೆ ಕುಸ್ತಿ ಹಿಡಿಯುತ್ತಿದ್ದ. ಈ ಕ್ರಮವನ್ನು ಗಮನಿಸಿ: ಕತ್ತಿ ಕೈಯಲ್ಲಿದ್ದಾಗ ಎದುರಿಗೆ ಯಾರೂ ಇಲ್ಲ, ಎದುರಿಗೆ ಆಳು ಬಂದಾಗ ಕೈಯಲ್ಲಿ ಕತ್ತಿ ಇಲ್ಲ. ಚಕ್ರವರ್ತಿಗೂ ಇಷ್ಟು ವಿವೇಕವಿತ್ತು. ಇನ್ನು ಕೋಟೆಯ ಮಾತು. ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಹೇಳುವಂತೆ, ಗೋಡೆಯ ಮೇಲಿನ ಕಾವಲುಗಾರರನ್ನು ಉರುಳಿಸಿದ್ದು ಅವನ ದೇಶದವನೇ ಆದ ಕ್ರಿಸ್ಟೋವಾವ್ ದ ಫಿಗೇರೆದೊನ ಜೊತೆ ಬಂದಿದ್ದ ಬಂದೂಕಿನವರು. ಉಕ್ಕಿನ ಅಲಗಿನ ಹೆಮ್ಮೆಗೆ ರಾಯಚೂರು ಕೋಟೆ ಅಂಥ ಬಲವಾದ ಆಧಾರವಲ್ಲ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿ: ಕಟ್ಟಿಗೆ ಸುಳ್ಳು ಹೇಳುತ್ತದೆ. ಉದ್ದನೆಯ ಜರ್ಮನ್ ಕತ್ತಿ ಸುಮಾರು ಒಂದೂಕಾಲು, ಒಂದೂವರೆ ಕಿಲೋ ತೂಗುತ್ತದೆ; ಅದೇ ಅಳತೆಯ ಮರದ್ದು ಹಗುರ, ದಪ್ಪ. ಅಲಗಿಗೆ ಅಲಗು ತಾಗಿದಾಗ ಉಕ್ಕು ಕಚ್ಚಿಕೊಂಡು ನಿಲ್ಲುತ್ತದೆ, ಕಟ್ಟಿಗೆ ಪುಟಿದು ಜಾರುತ್ತದೆ. ಕತ್ತಿಗಳು ಅಂಟಿಕೊಂಡಾಗ ಎದುರಾಳಿಯ ಒತ್ತಡವನ್ನು ಅಂಗೈಯಲ್ಲೇ ಓದುವುದು ಲೀಷ್ಟೆನಾವರ್ ಪರಂಪರೆಯ ಜೀವಾಳ. ಅದು ಕಟ್ಟಿಗೆಯಲ್ಲಿ ಅರ್ಧಂಬರ್ಧ. ತಿವಿಯುವಾಗ ಬಾಗದೆ ಪಕ್ಕೆಲುಬನ್ನು ವಿಚಾರಿಸಿಕೊಳ್ಳುವ ದುರ್ಗುಣವೂ ಅದಕ್ಕುಂಟು. ಇದೆಲ್ಲ ಒಪ್ಪಿದೆ. ತಿವಿತಕ್ಕೆ ಬಾಗುವ ಮೊಂಡು ಉಕ್ಕೇ ಇರಲಿ. ಆದರೆ ಹೆಜ್ಜೆ, ಅಂತರ, ಹೊತ್ತು ನೋಡಿ ಹೊಡೆಯುವುದು, ಹೊಡೆಸಿಕೊಳ್ಳದೆ ಹಿಂದೆ ಸರಿಯುವುದು, ಅಂದರೆ ವಿದ್ಯೆಯ ಬಹುಪಾಲನ್ನು ಕಟ್ಟಿಗೆ ಕಲಿಸುತ್ತದೆ. ಕಟ್ಟಿಗೆಯಿಂದ ಭಯ ಹುಟ್ಟುವುದಿಲ್ಲ ಎನ್ನುವವರು ಬೆರಳ ಗೆಣ್ಣಿಗೆ ಒಂದು ಏಟು ತಿಂದು ಆಮೇಲೆ ಬರೆಯಲಿ, ಬರೆಯಲಿಕ್ಕಾದರೆ. ಏಟು ತಡೆಯಲು ಹತ್ತಿ ತುಂಬಿದ ದಪ್ಪ ಅಂಗಿ ತೊಡುತ್ತಾರಂತೆ. ರಾಯಚೂರಿನ ಮೇ ತಿಂಗಳಲ್ಲಿ ಅದನ್ನು ತೊಟ್ಟವನಿಗೆ ಎದುರಾಳಿಯೇ ಬೇಕಾಗುವುದಿಲ್ಲ.

ಕಟ್ಟಿಗೆ ಕತ್ತಿ ನಮ್ಮ ದೊಡ್ಡಾಟದಲ್ಲೇ ಇದೆಯಲ್ಲ, ಜರ್ಮನಿಯ ಮಾತೇಕೆ ಎಂದು ದೇವದುರ್ಗದವರು ಕೇಳಿದರೆ ಅದಕ್ಕೂ ಉತ್ತರ ಉಂಟು. ದೊಡ್ಡಾಟದ ವೀರ ಮೊದಲು ಸಾರಥಿಯ ಮುಂದೆ ತನ್ನ ಹೆಸರು, ಕುಲ, ಪರಾಕ್ರಮ ಎಲ್ಲ ಒಪ್ಪಿಸಬೇಕು, ಪದ ಹಾಡಬೇಕು, ಮಾತಾಡಬೇಕು, ಕುಣಿಯಬೇಕು. ಇಂದ್ರಜಿತು ಕತ್ತಿ ಎತ್ತುವ ಹೊತ್ತಿಗೆ ಬೆಳ್ಳಿ ಮೂಡಿರುತ್ತದೆ. ಲೀಷ್ಟೆನಾವರ್‌ನ ಶಿಷ್ಯರಿಗೆ ಮೊದಲು ಹೊಡೆದು ಮೇಲುಗೈ ಹಿಡಿದವನೇ ಜಾಣ. ಒಂದು ಕಡೆ ಏಟು ಇಬ್ಬರಿಗೂ ಮೊದಲೇ ಗೊತ್ತಿರಬೇಕು, ಇನ್ನೊಂದು ಕಡೆ ಗೊತ್ತಾಗಲೇಬಾರದು. ಆದರೂ ಎರಡಕ್ಕೂ ಕತ್ತಿ ಒಂದೇ ಕೈಯಿಂದ ಹೊರಬರಬಹುದು. ಮಾನ್ವಿ ಸೀಮೆಯ ಕೂರಿಗೆ, ಕುಂಟೆಗಳಿಗೆ ಕರಿಜಾಲಿ ಕೆತ್ತಿ ಪಳಗಿದ ಬಡಿಗೇರನಿಗೆ ಎಳೆ ನೆಟ್ಟಗಿರುವ ಗಂಟಿಲ್ಲದ ತುಂಡು ಆರಿಸುವುದನ್ನು ಯಾವ ಜರ್ಮನನೂ ಹೇಳಿಕೊಡಬೇಕಿಲ್ಲ. ಬಿಸಿಲಿಗೆ ಸೀಳದಂತೆ ಅಗಸಿ ಎಣ್ಣೆ ಸವರುವುದಷ್ಟೇ ಬಾಕಿ. ಅಳತೆ ಕೊಟ್ಟರೆ ಆತ ಕೇಳಬಹುದಾದ್ದು ಇಷ್ಟೇ: “ಯಾವ ಆಟಕ್ಕ್ರಿ? ಯಾರ ಪಾರ್ಟ್ ಐತ್ರಿ?” ಲೀಷ್ಟೆನಾವರ್‌ನ ಪಾರ್ಟು ಎಂದರೂ ತಕರಾರು ಮಾಡಲಿಕ್ಕಿಲ್ಲ, ಮುಂಗಡ ಕೈಗೆ ಬಿದ್ದರೆ.