ಧಾರಾವಾಹಿ ರೋಗನಿದಾನ ಶಾಸ್ತ್ರ: ಹಳಿಯಾಳ ಸೀಮೆಯ ಭಾಷ್ಯ ಸಹಿತ

ಧಾರಾವಾಹಿಯ ಆಸ್ಪತ್ರೆಯಲ್ಲಿ ರೋಗಗಳು ಒಟ್ಟು ಮೂರು: ಕೋಮಾ, ಹೃದಯಸ್ತಂಭನ, ತಲೆಸುತ್ತು. ಜ್ವರ, ಭೇದಿ, ಕಜ್ಜಿಗಳನ್ನು ಶಾಸ್ತ್ರ ಅಂಗೀಕರಿಸಿಲ್ಲ. ಅವು ನಾಯಕಿಗೆ ಬರುವುದಿಲ್ಲ. ಮೊದಲೆರಡಕ್ಕೆ ಚಿಕಿತ್ಸಾಸೂತ್ರ ಒಂದೇ. ಥಿಯೇಟರಿನ ಕೆಂಪು ದೀಪ ಆರಬೇಕು, ಡಾಕ್ಟರು ಹೊರಬಂದು ಕನ್ನಡಕ ತೆಗೆಯಬೇಕು, ‘24 ಗಂಟೆ ಕಳೀಲಿ, ಆಮೇಲೆ ಹೇಳ್ತೀನಿ’ ಎನ್ನಬೇಕು.

ಕೋಮಾಪ್ರಕರಣ: ಇದರ ಮೇಲೆ ನಿಜವಾಗಿಯೂ ಸಂಶೋಧನೆ ನಡೆದಿದೆ. ಅಮೆರಿಕದ ಧಾರಾವಾಹಿಗಳಲ್ಲಿ ಕೋಮಾಕ್ಕೆ ಹೋದ 64 ಪಾತ್ರಗಳ ಲೆಕ್ಕ 2005ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಶೇ 89ರಷ್ಟು ಪಾತ್ರಗಳು ಪೂರ್ತಿ ಗುಣ! ಅಳಿಸದೆ ಉಳಿದ ಲಿಪ್‌ಸ್ಟಿಕ್‌ಗಳ ಲೆಕ್ಕವನ್ನು ಕನ್ನಡದ ವಿದ್ವಾಂಸರು ಇನ್ನಾದರೂ ಕೈಗೆತ್ತಿಕೊಳ್ಳಬೇಕು.

ಸ್ತಂಭನಪ್ರಕರಣ: ಮಾನಿಟರಿನ ಗೆರೆ ನೆಟ್ಟಗಾದೊಡನೆ ಎದೆಗೆ ಶಾಕ್ ಕೊಡುವುದು ಸಂಪ್ರದಾಯ. ವಾಸ್ತವದಲ್ಲಿ ಶಾಕ್ ಇರುವುದು ಲಯ ತಪ್ಪಿ ಅದುರುವ ಹೃದಯಕ್ಕೆ. ನಿಂತೇಹೋದದ್ದಕ್ಕೆ ಎದೆ ಒತ್ತಬೇಕು, ಅಡ್ರಿನಲಿನ್ ಕೊಡಬೇಕು. ಆದರೆ ನಾಯಕಿ ಅಳುವಾಗ ಎದೆ ಒತ್ತುತ್ತ ಕೂತರೆ ಅಡ್ಡ ಬಂದಂತಾಗುತ್ತದೆ.

ತಲೆಸುತ್ತುಪ್ರಕರಣ: ಸೊಸೆಯ ಮಣಿಕಟ್ಟು ಹಿಡಿದೊಡನೆ ಡಾಕ್ಟರಿಗೆ ಬಸಿರು ತಿಳಿಯುತ್ತದೆ. 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ನರ ವೈದ್ಯ ಪದ್ಧತಿಯಲ್ಲಾದರೆ ಅಮ್ಚಿ (ವೈದ್ಯರು) ಮೂರು ಬೆರಳಿಟ್ಟು ಎರಡೂ ಕೈಯ ನಾಡಿ ನೋಡಿ, ಮೂತ್ರವನ್ನೂ ಪರೀಕ್ಷಿಸಿ, ಆಮೇಲೆ ಬಾಯಿ ಬಿಡುತ್ತಾರೆ. ಇಷ್ಟು ನಿಧಾನಸ್ಥರಿಗೆ ಧಾರಾವಾಹಿಯಲ್ಲಿ ಪಾತ್ರ ಸಿಗದು.

ಪೂರ್ವಪಕ್ಷ: ಈ ಶಾಸ್ತ್ರ ಜೋಯಿಡಾದ ರೋಗಿಗೆ ಅನ್ವಯಿಸುವುದೇ?

ಸಿದ್ಧಾಂತ: ಇಲ್ಲ, ಏಕೆಂದರೆ ಧಾರಾವಾಹಿಯಲ್ಲಿ ರಸ್ತೆಯೇ ಇಲ್ಲ. ಅಪಘಾತದ ಮುಂದಿನ ದೃಶ್ಯವೇ ಐಸಿಯು. ಜೋಯಿಡಾದಲ್ಲಾದರೆ, ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಹಳ್ಳಿಯಲ್ಲಿ ಹಾವು ಕಚ್ಚಿದರೆ ಮೊದಲು ಕಂಬಳಿಯ ಜೋಲಿ, ಆಮೇಲೆ ಜೀಪು, ಆಮೇಲೆ ತಾಲೂಕು ಆಸ್ಪತ್ರೆ. ಕೈಮೀರಿದರೆ ದಾಂಡೇಲಿ, ಹಳಿಯಾಳ ದಾಟಿ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಷ್ಟು ದೂರಕ್ಕೆ ಹಿನ್ನೆಲೆ ಸಂಗೀತ ಬಾರಿಸುವವರು ಯಾರು?

ಎರಡೂ ಲೋಕಕ್ಕೆ ಹೊಂದುವ ಪರೀಕ್ಷೆ ಒಂದುಂಟು. ಕೊಳಕುಮಂಡಲದ ವಿಷ ಏರಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದಕ್ಕೇ ರೋಗಿಯ ಸ್ವಲ್ಪ ರಕ್ತವನ್ನು ಒಣ ಗಾಜಿನ ಕೊಳವೆಗೆ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ವಾಲಿಸಿ ನೋಡುತ್ತಾರೆ. ನೀರಿನಂತೆ ಹರಿದರೆ ಪ್ರತಿವಿಷ ಶುರು. ಜಾಹೀರಾತು ಕಳೆದರೆ ಒಂದು ಕಂತಿನ ಅವಧಿಯೂ ಸುಮಾರು ಅಷ್ಟೇ. ಚಾನೆಲ್‌ನವರು ಒಪ್ಪಿದರೆ ಇಡೀ ಕಂತು ಆ ಕೊಳವೆಯನ್ನೇ ತೋರಿಸಬಹುದು. ವಾಲಿಸುವ ದೃಶ್ಯವನ್ನು ನಾಳೆಗೆ ಉಳಿಸಿಕೊಳ್ಳಬಾರದು ಎಂಬುದೊಂದೇ ಷರತ್ತು.