ಹುಣಸೂರು ಸೀಮೆಯ ಹುಳಿ–ಸುಣ್ಣ ಸಿದ್ಧಾಂತ: ಒಂದು ಜಗಲಿ ಸಂಶೋಧನೆ

ಆಮ್ಲ, ಪ್ರತ್ಯಾಮ್ಲಗಳನ್ನು ಪತ್ತೆಹಚ್ಚಿದವರು ಯುರೋಪಿನವರು ಎಂಬ ತಪ್ಪು ತಿಳಿವಳಿಕೆ ವಿದ್ವಾಂಸರಲ್ಲಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಜಗಲಿಗಳ ಮೇಲೆ ಕೂತು ನಾನು ನಡೆಸಿದ ಸಂಶೋಧನೆ ಇದನ್ನು ಅಲ್ಲಗಳೆಯುತ್ತದೆ. ಊರಿಗೇ ಹುಳಿಯ ಹೆಸರಿಟ್ಟುಕೊಂಡವರಿಗೆ ಆಮ್ಲ ಗೊತ್ತಿರಲಿಲ್ಲವೆಂದರೆ ನಂಬುವವರು ಯಾರು? (ಹುಣಸೂರಿಗೂ ಹುಣಸೆಗೂ ಏನು ಸಂಬಂಧವೆಂದು ಕೇಳುವ ಶಾಸನತಜ್ಞರು ದಯವಿಟ್ಟು ಹಿಂದಿನ ಸಾಲಿನಲ್ಲಿ ಕೂರಬೇಕು.)

ಮೊದಲ ಪ್ರಯೋಗ ಮದುವೆ ಮನೆಯ ಬಾಗಿಲಲ್ಲಿ. ಆರತಿ ತಟ್ಟೆಯ ನೀರಿಗೆ ಅರಿಶಿನ ಕದಡಿ ಚಿಟಿಕೆ ಸುಣ್ಣ ಹಾಕಿದರೆ ನೀರು ಕಡುಗೆಂಪು. ಅರಿಶಿನದಲ್ಲಿರುವ ಕುರ್ಕ್ಯುಮಿನ್ ಪ್ರತ್ಯಾಮ್ಲ ಕಂಡ ಕೂಡಲೇ ಬಣ್ಣ ಬದಲಿಸುತ್ತದೆ. ಶಾಲೆಯ ಲಿಟ್ಮಸ್ ಕಾಗದ ಮಾಡುವುದೂ ಇದೇ ಕೆಲಸ. ನಾನು ಅದೇ ತಟ್ಟೆಗೆ ಹುಣಸೆ ರಸ ಹಿಂಡಿದೆ. ಕೆಂಪು ಹೋಗಿ ಹಳದಿ ಬಂತು. ಹುಣಸೆಯ ಟಾರ್ಟಾರಿಕ್ ಆಮ್ಲ ಸುಣ್ಣವನ್ನು ತಟಸ್ಥಗೊಳಿಸಿತ್ತು. ಮದುಮಕ್ಕಳು ಇನ್ನೂ ಹೊಸ್ತಿಲಾಚೆಯೇ ನಿಂತಿದ್ದರು. ಹೆಣ್ಣಿನ ಸೋದರಮಾವ ನನ್ನನ್ನು ತಟಸ್ಥಗೊಳಿಸಿದ ವಿಧಾನ ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

1909ರಲ್ಲಿ ಸೋರೆನ್ಸನ್ ಎಂಬಾತ ಪಿಎಚ್ ಮಾನವನ್ನು ರೂಪಿಸಿದ. 7 ನಡುಮಟ್ಟ, ಕೆಳಗಿಳಿದರೆ ಹುಳಿ, ಮೇಲೇರಿದರೆ ಕ್ಷಾರ. ಆತ ಕೆಲಸ ಮಾಡುತ್ತಿದ್ದದ್ದು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಬಿಯರಿನವರ ಪ್ರಯೋಗಾಲಯದಲ್ಲಿ. ಹೆಂಡದ ಮನೆಯ ಅಳತೆಗೆ ಜಗತ್ತೆಲ್ಲ ಮರ್ಯಾದೆ. ಅಜ್ಜಿಯ ಎಲೆಯಡಿಕೆ ಚೀಲಕ್ಕೆ ಇಲ್ಲ! ಸುಣ್ಣದ ತಿಳಿ 12ನ್ನೂ ದಾಟುತ್ತದೆ. ಅಜ್ಜಿ ಮಾತ್ರ ಬೆರಳ ತುದಿಗೆ ಬಾಯಿ ಬೇಯದಷ್ಟೇ ತೆಗೆದು ಎಲೆಯ ಬೆನ್ನಿಗೆ ಸವರುತ್ತಾರೆ.

ಕಡ್ಡಿಪುಡಿಗೆ ಸುಣ್ಣ ತಿಕ್ಕುವುದೂ ಸುಮ್ಮನಲ್ಲ. ಕ್ಷಾರ ಸಿಕ್ಕರೆ ನಿಕೋಟಿನ್ ಬಿಡುಗಡೆಯಾಗಿ ಕೆನ್ನೆಯೊಳಗಿಂದಲೇ ರಕ್ತಕ್ಕಿಳಿಯುತ್ತದೆ. ಹುಣಸೂರು, ಪಿರಿಯಾಪಟ್ಟಣದ ಬ್ಯಾರನ್ನುಗಳಲ್ಲಿ ಹದವಾಗುವ ಸಿಗರೇಟಿನ ಹೊಗೆಸೊಪ್ಪಿನಲ್ಲಿ ಸಕ್ಕರೆಯಂಶ ಹೆಚ್ಚು, ಹೊಗೆ ಹುಳಿಯ ಕಡೆಗೆ. ಅದಕ್ಕೇ ಸೇದುವವರು ಎದೆಯಾಳಕ್ಕೆ ಎಳೆಯುತ್ತಾರೆ. ಎರಡು ದಾರಿಯೂ ಹೋಗಿ ಸೇರುವುದು ಒಂದೇ ಆಸ್ಪತ್ರೆಗೆ ಎಂದು ಅಜ್ಜಿಗೆ ವಿವರಿಸಿದೆ.

“ನಿನ್ ಪಿಎಚ್ಚು ನಿನ್ನತ್ರನೇ ಇರ್‍ಲಿ, ಸುಣ್ಣದ ಡಬ್ಬಿ ಇತ್ತಾಗ್ ಕೊಡ್ಲಾ ಮಗ” ಎಂದರು.

ಕೊನೆಯದಾಗಿ, ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’. ಇದನ್ನು ಜನ ಗಾದೆ ಎಂದುಕೊಂಡಿದ್ದಾರೆ. ಇದು ಶುದ್ಧ ಪ್ರಯೋಗ ವರದಿ: ಪರೀಕ್ಷೆಗೊಂದು ಕಣ್ಣು, ಹೋಲಿಕೆಗೊಂದು ಕಣ್ಣು. ಫಲಿತಾಂಶದ ಪುಟ ಮಾತ್ರ ಸಿಕ್ಕಿಲ್ಲ. ಬರೆಯಬೇಕಾದವರಿಗೆ ಕಾಣದೆ ಹೋಗಿರಬೇಕು. ಓದುಗರು ಇದನ್ನು ಮರುಪರೀಕ್ಷೆ ಮಾಡಬಾರದು. ಕಣ್ಣಿಗೆ ಸುಣ್ಣ ಬಿದ್ದರೆ ತಟಸ್ಥಗೊಳಿಸುತ್ತೇನೆಂದು ಹುಣಸೆ ರಸ ಹುಡುಕಬೇಡಿ. ಧಾರಾಳವಾಗಿ ನೀರು ಸುರಿದು ತೊಳೆಯುತ್ತಲೇ ಇರಿ, ಆಮೇಲೆ ಕಣ್ಣಿನ ಡಾಕ್ಟರ ಹತ್ತಿರ ಓಡಿ.